ರಾಣೆಬೆನ್ನೂರಿಗೆ ಕಣ್ಣು ತೆರೆದುಕೊಂಡು

ಹೋರಿ ಹಬ್ಬದಲ್ಲಿ ನುಗ್ಗಿ ಬರುವ ಹೋರಿಯ ಕೊರಳಿಗೆ ಜೋತುಬಿದ್ದು ಕೊಬ್ಬರಿ ಸರ ಹರಿದುಕೊಂಡು ಬಂದವನು ಜಟ್ಟೆಪ್ಪ. ಒಂದಲ್ಲ, ಹನ್ನೊಂದು ಸಲ. ಕಾಗಿನೆಲೆಯ ಸುತ್ತಿನ ಊರುಗಳಲ್ಲಿ ಇವತ್ತಿಗೂ ಅವನ ಎದೆಗಾರಿಕೆಯ ಮಾತು ಬಂದರೆ ಮುದುಕರು ಮೀಸೆ ತಿರುವುತ್ತಾರೆ. ಇಂಥ ಗಂಡಸು ಬಸ್ಸಿಗೆ ಹೆದರುತ್ತಿದ್ದ. ನಗಬೇಡಿ. ಹೋರಿ ಹಾಯ್ದರೆ ಗಾಯ ತೋರಿಸಿಕೊಂಡು ಊರು ತಿರುಗಬಹುದು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡವನು ಏನು ತೋರಿಸಿಕೊಂಡು ತಿರುಗಬೇಕು?

ಅದಕ್ಕೇ ಅವನು ಬಸ್ಸು ಹತ್ತಿದರೆ ಯಾರ ಕಣ್ಣಿಗೂ ಬೀಳದಂತೆ ಕಟ್ಟಕಡೆಯ ಸೀಟು ಹಿಡಿಯುತ್ತಿದ್ದ. ಖಾಲಿ ಹೊಟ್ಟೆ, ಮುಷ್ಟಿಯಲ್ಲಿ ನಿಂಬೆಹಣ್ಣು, ಮುಖದ ಮೇಲೆ ಟವೆಲ್ಲು. ಹಿಂದಿನ ಸೀಟು ಎಲ್ಲಕ್ಕಿಂತ ಹೆಚ್ಚು ಎತ್ತಿ ಕುಕ್ಕುತ್ತದೆ ಅಂತ ಅವನಿಗೆ ಯಾರು ಹೇಳಬೇಕು? ಕೇಳಿದ್ದರೆ ತಾನೇ ಯಾರಾದರೂ ಹೇಳುವುದು. ಹೆಂಡತಿ ಉಡಚವ್ವ ಇದ್ದಷ್ಟು ದಿನ ಪಕ್ಕದಲ್ಲಿ ಕುಂತು ಅವನ ತಲೆ ಹಿಡಿದುಕೊಳ್ಳುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಗಿತ್ತು.

ಆಮೇಲೆ ಒಬ್ಬಳೇ ಮಗಳು ಭುವನಾಳನ್ನು ರಾಣೆಬೆನ್ನೂರಿಗೆ ಕೊಟ್ಟ. ಮದುವೆಯಾದ ಮೇಲೆ ಎರಡು ಸಲ ಹೋಗಿದ್ದ. ಎರಡು ಸಲವೂ ಬೀಗರ ಬಾಗಿಲಿಗೆ ತೂರಾಡಿಕೊಂಡೇ ಬಂದ. ಕಣ್ಣು ಕೆಂಪು, ಬಾಯಿ ಹುಳಿ ವಾಸನೆ. ಬಂದವನೇ ಪಡಸಾಲೆಯಲ್ಲಿ ಹೆಣದ ಹಾಗೆ ಬಿದ್ದುಕೊಂಡ. ಬೀಗತಿ ಭರಮವ್ವ ಒಮ್ಮೆ ನೋಡಿದಳು, ಎರಡನೇ ಸಲ ಮೂಗು ಮುಚ್ಚಿಕೊಂಡಳು. ನಿಮ್ಮಪ್ಪ ಹಾಡಹಗಲೇ ಕುಡಿದು ಬರುತ್ತಾನೆ ಅಂತ ಸೊಸೆಗೆ ಅಂದದ್ದು ಒಂದಲ್ಲ, ನೂರು ಸಲ. ಭುವನಾಳಿಗೆ ನಿಜ ಗೊತ್ತಿತ್ತು. ಆದರೆ ಯಾರಿಗೂ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವನು ಅನ್ನಿಸಿಕೊಳ್ಳುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದೇ ಮೇಲೆಂದು ಆ ಪುಣ್ಯಾತ್ಮ ಲೆಕ್ಕ ಹಾಕಿದ್ದ. ಅವನ ಮಾನಕ್ಕಾಗಿ ಮಗಳು ದಿನವೂ ಮಾತು ತಿನ್ನುತ್ತಿದ್ದಳು.

ಈಗ ಆ ಮಗಳು ಏಳು ತಿಂಗಳ ಬಸುರಿ, ಸೀಮಂತದ ಕುಬಸ ಮಾಡುವ ದಿನ. ತವರಿನ ಬುತ್ತಿಯ ಮೊದಲ ತುತ್ತು ತಾಯಿ ಉಣಿಸಬೇಕು. ಅವ್ವ ಇಲ್ಲ, ನೀನೇ ಉಣಿಸು, ನೀ ಬರದಿದ್ದರೆ ಯಾರ ಕೈಯಿಂದಲೂ ಉಣ್ಣುವುದಿಲ್ಲ ಎಂದು ಭುವನಾ ಫೋನಿನಲ್ಲಿ ಹೇಳಿದ್ದಳು. ಬುತ್ತಿಯ ಬುಟ್ಟಿಗಳ ಜೊತೆ ಓಣಿಯ ಹೆಂಗಸರು ಬೆಳಿಗ್ಗೆಯೇ ಟೆಂಪೊದಲ್ಲಿ ಹೋದರು. ಎತ್ತಿಗೆ ನೀರು ಕುಡಿಸುವುದಿದೆ ಎಂದು ನೆವ ಹೇಳಿ ಜಟ್ಟೆಪ್ಪ ಹಿಂದೆ ಉಳಿದ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟಿದ್ದ ಟ್ರ್ಯಾಕ್ಟರಿನ ಮೇಲೆ ನಿಂತುಕೊಂಡು ಹೋದ. ಟ್ರ್ಯಾಕ್ಟರಿನಲ್ಲಿ ಅವನಿಗೆ ಯಾವತ್ತೂ ಏನೂ ಆಗಿದ್ದಿಲ್ಲ. ಯಾಕೆ ಆಗುವುದಿಲ್ಲ ಎಂದು ಯೋಚಿಸಿದ್ದೂ ಇಲ್ಲ.

ಬ್ಯಾಡಗಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದರೆ ಹಿಂದಿನ ಸೀಟು ಬಿಡಿ, ಹಿಂದಕ್ಕೆ ಹೋಗಲಿಕ್ಕೂ ದಾರಿಯಿರಲಿಲ್ಲ. ಡ್ರೈವರನ ಹತ್ತಿರವೇ ಕಂಬ ಹಿಡಿದು ನಿಂತ. ಮೆಣಸಿನಕಾಯಿ ಘಾಟಿಗೆ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ಬಸ್ಸು ಹೊರಡುವ ಮೊದಲೇ ಅವನ ಬಾಯಲ್ಲಿ ನೀರೂರಿತು. ಟವೆಲ್ಲು ಮುಖಕ್ಕೆ ಬಂತು. ಮೊದಲ ಸೀಟಿನಲ್ಲಿ ಕುಂತಿದ್ದ ಅಮೀರಬಿ, ಮೆಣಸಿನಕಾಯಿ ತೊಟ್ಟು ಮುರಿದು ಬೆರಳು ಕೆಂಪಾದ ಹೆಂಗಸು, ಅವನ ಮುಷ್ಟಿಯ ನಿಂಬೆಹಣ್ಣನ್ನು ನೋಡಿದಳು. ಸರಿದು ಜಾಗ ಮಾಡಿದಳು. ಹೆಂಗಸರ ಸೀಟು, ನಾನು ಹೆಂಗೆ ಕೂಡಲಿ ಎಂದು ಜಟ್ಟೆಪ್ಪ ಟವೆಲ್ಲಿನೊಳಗಿಂದಲೇ ತೊದಲಿದ. ಕಾಯಿಲೆಗೆ ಗಂಡು ಹೆಣ್ಣು ಎಲ್ಲಿಯದು ಎಂದು ಅವಳು ತೋಳು ಹಿಡಿದು ಕೂರಿಸಿಯೇಬಿಟ್ಟಳು.

ಡ್ರೈವರ್ ಶಾಬುದ್ದೀನ ಗೇರು ಬದಲಿಸುತ್ತ ಒಮ್ಮೆ ಅವನ ಕಡೆ ನೋಡಿದ.

"ಯಜಮಾನ್ರ, ಇಪ್ಪತ್ತೆರಡು ವರ್ಷದಿಂದ ಗಾಡಿ ಹೊಡ್ಯಾಕತ್ತೇನಿ. ರಜಾ ದಿನ ಹಿಂದಿನ ಸೀಟಿನ್ಯಾಗ ಕುಂತ್ರ ನನಗೂ ಹಿಂಗ ಆಕ್ಕೈತಿ. ಸ್ಟೇರಿಂಗ್ ಹಿಡದಾಗ ಮಾತ್ರ ಏನೂ ಆಗಂಗಿಲ್ಲ. ಕಣ್ಣು ದಾರಿ ಮ್ಯಾಲ ಇರ್ತಾವಲ್ರಿ, ಅದಕ್ಕ. ಟವೆಲ್ಲು ತಗೀರಿ. ಎಷ್ಟು ದೂರ ಕಾಣ್ತೈತೋ ಅಷ್ಟು ದೂರ ನೋಡ್ರಿ."

ಬಸ್ಸು ಹೊಡೆಯುವವನಿಗೇ ವಾಂತಿ ಎಂದರೆ! ಜಟ್ಟೆಪ್ಪ ಬಾಯಿ ತೆರೆದ. ಬಾಯಿಯ ಹಿಂದೆಯೇ ಟವೆಲ್ಲು ಸರಿಯಿತು, ಕಣ್ಣೂ ತೆರೆಯಿತು.

ಎದುರಿಗೆ ಮನೆಯ ಬಾಗಿಲಿನಷ್ಟು ಅಗಲದ ಗಾಜು. ಅದರಾಚೆ ಊರಿನ ಅಂಚಿನ ಬಯಲಿಗೆ ಬಯಲೇ ಕೆಂಪು. ಒಣಹಾಕಿದ ಮೆಣಸಿನಕಾಯಿ ಕಣ್ಣು ಹಾಯುವ ತನಕ ಹರಡಿತ್ತು, ನಡುವೆ ಸೀರೆ ಎತ್ತಿ ಕಟ್ಟಿದ ಹೆಂಗಸರು ಚುಕ್ಕಿಯಷ್ಟಾಗಿ ಓಡಾಡುತ್ತಿದ್ದರು. ತಾನು ಬೆಳೆದ ಮೆಣಸಿನಕಾಯಿ ಚೀಲಗಟ್ಟಲೆ ಇಲ್ಲಿಗೆ ಬಂದಿದೆ. ಅದೆಲ್ಲ ಕೂಡಿ ಹೀಗೆ ಕಾಣುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೊಟ್ಟೆ ಒಮ್ಮೆ ತಿರುವಿತು. ಅವನು ಇನ್ನೂ ದೂರ ನೋಡಿದ. ಹೊಟ್ಟೆ ಸುಮ್ಮನಾಯಿತು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸಿಕ್ಕಿತು. ಎರಡೂ ಕಡೆ ತೆನೆ ತೂಗುವ ಬಿಳಿಜೋಳ, ಅದರ ತುದಿಗೆ ಆಕಾಶ. ಭೂಮಿ ಇಷ್ಟು ದೊಡ್ಡದೇ? ಐವತ್ತೆಂಟು ವರ್ಷ ಈ ಮಣ್ಣಿನಲ್ಲೇ ಉತ್ತು ಬಿತ್ತಿದವನು ಮೊದಲ ಸಲ ಕೇಳಿದ ಪ್ರಶ್ನೆ ಅದು. ಕಣ್ಣು ಕಟ್ಟಿಕೊಂಡು ಹೋದಾಗ ಈ ದಾರಿ ಎಂದೂ ಮುಗಿಯದ ಶಿಕ್ಷೆಯಾಗಿತ್ತು. ಈಗ ಇಷ್ಟು ಬೇಗ ಮುಗಿಯಬಾರದು ಅನ್ನಿಸಿತು.

ರಾಣೆಬೆನ್ನೂರು ಹತ್ತಿರ ಬಂತು ಎನ್ನುವಾಗ ಹೊಲವೊಂದರಿಂದ ಚಿಗರಿ ಜಿಂಕೆಗಳ ಹಿಂಡು ಎದ್ದಿತು. ಮೂವತ್ತೋ ನಲವತ್ತೋ. ಮುಂದೆ ಕರಿಯ ಗಂಡು, ತಿರುಚಿದ ಕೊಂಬು. ಒಂದೊಂದೂ ಬದು ದಾಟಿ ನೆಲ ಬಿಟ್ಟು ಮೇಲಕ್ಕೆ ಹಾರುತ್ತಿತ್ತು, ಕೆಳಗೆ ಬರುವ ಮನಸ್ಸೇ ಇಲ್ಲದ ಹಾಗೆ. ಜಟ್ಟೆಪ್ಪ ಉಸಿರು ಹಿಡಿದ. ಬಸ್ಸಿನಲ್ಲಿ ಅರ್ಧ ಜನ ಮೊಬೈಲು ನೋಡುತ್ತಿದ್ದರು, ಉಳಿದರ್ಧ ತೂಕಡಿಸುತ್ತಿದ್ದರು. ಅವರನ್ನೆಲ್ಲ ಅಲ್ಲಾಡಿಸಿ ಎಬ್ಬಿಸಬೇಕು ಅನ್ನಿಸಿತು ಅವನಿಗೆ. ಆಗಲೇ ಉಡಚವ್ವ ನೆನಪಾದಳು. ಹಾವೇರಿ ದವಾಖಾನೆಗೆ ಎಷ್ಟು ಸಲ ಕೂಡಿ ಹೋಗಿದ್ದರು. ಅವಳಿಗೆ ಕಣ್ಣಿತ್ತು, ಕಿಟಕಿ ಇತ್ತು. ಇವನ ತಲೆ ಹಿಡಿದುಕೊಂಡೇ ಕುಂತಿದ್ದಳು, ಏನೂ ನೋಡಲಿಲ್ಲ. ಅವನ ಕಣ್ಣು ತುಂಬಿತು. ಅಮೀರಬಿ ಅದನ್ನು ಘಾಟು ಎಂದುಕೊಂಡಳು.

ಬೀಗರ ಬಾಗಿಲಿಗೆ ಅವನು ನೆಟ್ಟಗೆ ನಡೆದು ಬಂದ. ಕಾಲಿಗೆ ನೀರು ಕೊಡಲು ಬಂದ ಭರಮವ್ವ ಅವನ ಕಣ್ಣು ನೋಡಿದಳು, ಉಸಿರಿನ ವಾಸನೆ ನೋಡಿದಳು, ಎಂದಿನ ಕೆಂಪೂ ವಾಸನೆಯೂ ಸಿಗದೆ ಗೊಂದಲವಾಗಿ ಚೊಂಬು ಅಲ್ಲೇ ಇಟ್ಟು ಒಳಗೆ ಹೋದಳು.

ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟು ಭುವನಾ ಮಣೆಯ ಮೇಲೆ ಕುಂತಿದ್ದಳು. ಜಟ್ಟೆಪ್ಪ ಶೇಂಗಾ ಹೋಳಿಗೆ ಮುರಿದು ತುತ್ತು ಮಾಡಿದ. ಉಣಿಸಿ ಎದ್ದಿದ್ದರೆ ಮುಗಿಯುತ್ತಿತ್ತು. ಇವತ್ತೊಂದು ದಿನ ಕುಡಿಯದೆ ಬಂದಿದ್ದಾನೆ ಎಂದುಕೊಳ್ಳುತ್ತಿದ್ದರು, ಅಷ್ಟೇ. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ತಡೆಯಲಾಗಲಿಲ್ಲ.

"ಬೀಗತ್ಯಾರ, ನಾ ಕುಡಿಯವಲ್ರಿ," ಎಂದ. "ಬಸ್ಸಿನ್ಯಾಗ ಕುಂತ್ರ ನನಗ ವಾಂತಿ ಆಕ್ಕೈತಿ. ಸಣ್ಣಂದಿನಿಂದ ಐತಿ. ಹೇಳಾಕ ನಾಚಿಕಿ ಬಂದು, ಮಗಳಿಗೂ ಹೇಳಬ್ಯಾಡ ಅಂದಿದ್ದೆ. ತಪ್ಪು ನಂದು, ಆಕಿದಲ್ಲ."

ಓಣಿಯ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹನ್ನೊಂದು ಹೋರಿ ಹಿಡಿದವನ ಕಿವಿ ಕೆಂಪಾಯಿತು. ಆದರೂ ತುತ್ತಿನ ಕೈ ಮುಂದಕ್ಕೆ ಚಾಚಿದ. ಭುವನಾ ತುತ್ತು ತೆಗೆದುಕೊಂಡಳು. ಅಳುತ್ತಲೇ ಅಗಿದಳು, ಅಪ್ಪನ ಕೈ ಮಾತ್ರ ಬಿಡಲಿಲ್ಲ.

ಭರಮವ್ವ ನಗಲಿಲ್ಲ. ಆರತಿ ತಟ್ಟೆ ಕೆಳಗಿಟ್ಟು ಅಲ್ಲೇ ಕುಂತಳು. ಅವಳ ತವರು ಹೊಸರಿತ್ತಿ. ಅಲ್ಲಿ ಅವಳ ಅವ್ವನಿಗೆ ಎಂಬತ್ತೆಂಟು ವರ್ಷ. ಏಳು ವರ್ಷದಿಂದ ಭರಮವ್ವ ಅತ್ತ ಹೋಗಿರಲಿಲ್ಲ. ಮನೆತನದ ಕೆಲಸ ಬಿಡುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು, ಯಾಕೆಂದರೆ ಅವಳೇ ಹಾಗೆ ಹೇಳಿದ್ದಳು.

"ನನಗೂ ಅದ ಐತ್ರಿ, ಬೀಗರ," ಎಂದಳು ಸಣ್ಣ ದನಿಯಲ್ಲಿ. "ಇವತ್ತು ನಿಮಗ ಹೆಂಗ ಆಗಲಿಲ್ರಿ?"

ಜಟ್ಟೆಪ್ಪ ಹೇಳಿದ. ಮುಂದಿನ ಸೀಟು, ದೂರದ ನೋಟ, ಕೆಂಪು ಬಯಲು, ಜೋಳದ ತುದಿಯ ಆಕಾಶ, ಹಾರಿದ ಚಿಗರಿ. ಹೇಳುತ್ತ ಹೇಳುತ್ತ ಅವನ ದನಿಯೇ ಬದಲಾಯಿತು. ಬುತ್ತಿ ಬಿಚ್ಚಿದ್ದ ಹೆಂಗಸರು ಬಡಿಸುವುದನ್ನು ಬಿಟ್ಟು ಕೇಳಿದರು. ಭರಮವ್ವ ಕೊನೆಯ ತನಕ ಕೇಳಿ, ಮಗ ಕನಕರಾಜನನ್ನು ಹತ್ತಿರ ಕರೆದು, ಹೊಸರಿತ್ತಿಯ ಕಡೆಗೆ ನಾಳೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.