ಅಟ್ಟದ ಕೆಳಗಿನ ಕಾರು

"ಕುರಿ ಕಾಯೋನ ಕೈಗೆ ಕಾರು ಕೊಟ್ಟೆ ನೋಡಿ, ಅದಕ್ಕೇ ಇವತ್ತು ನೀವೆಲ್ಲ ತೀರ್ಕೊಂಡ ನನ್ನ ಹೆಂಡ್ತಿ ಗಣಾರಾಧನೆ ಊಟ ಉಣ್ತಾ ಇದೀರಿ," ಎಂದರು ಹಾಲಸ್ವಾಮಿ.

ನನ್ನ ಎಲೆಗೆ ಆಗಷ್ಟೇ ಪಾಯಸ ಬಿದ್ದಿತ್ತು. ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಪೆಂಡಾಲಿನ ಪಂಕ್ತಿಗಳಲ್ಲಿ ಹೊನ್ನವಳ್ಳಿಯ ಅರ್ಧ ಊರು ಕೂತಿತ್ತು. ನನ್ನ ಗ್ಯಾರೇಜಿಗೆ ಗಾಡಿ ಬಿಡುವವರೂ ಅವರೇ.

"ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹುಳಿಯಾರ್ ಕಡೆ ಹಟ್ಟಿಯಿಂದ ಬಂದೋನು. ಬದುಕ್ಕೊಳ್ಲಿ ಪಾಪ ಅಂತ ಸ್ಟಾರ್ಟರ್ ಬಿಚ್ಚಕ್ಕೆ ಬಿಟ್ಟೆ. ಬೇಕಾದ ಹೊತ್ತಿಗೆ ಗಾಡಿ ಹತ್ಲೇ ಇಲ್ಲ. ಈಗ ಅವಳ ಹೆಸರಿನ ಅನ್ನಕ್ಕೆ ಬಂದು ಕೂತವ್ನೆ, ನಾಚ್ಕೆ ಇಲ್ದೋನು."

ಅವರ ಹೆಂಡತಿ ಗಿರಿಜಾಂಬಿಕಮ್ಮ ಹಿತ್ತಿಲಲ್ಲಿ ಎದೆ ಹಿಡಿದುಕೊಂಡು ಕುಸಿದದ್ದು ಮಟಮಟ ಮಧ್ಯಾಹ್ನ. ಕಾರು ಮನೆಯ ಮಗ್ಗುಲಲ್ಲೇ ಇತ್ತು. ಕೀ ತಿರುಗಿಸಿದರೆ ಉಸಿರಿಲ್ಲ. ಕೊಬ್ಬರಿ ಮಂಡಿಯ ಪಿಕಪ್ ಬಂದು ಆಕೆಯನ್ನು ತಿಪಟೂರು ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಯುಧಪೂಜೆಗೆ ಮುಂಚೆ ಆ ಕಾರಿನ ಸ್ಟಾರ್ಟರ್ ಬಿಚ್ಚಿ ಕೂರಿಸಿದ್ದು ನಾನು. ಬಾಯಿಬಿಟ್ಟು ಯಾರೂ ಏನೂ ಅಂದಿರಲಿಲ್ಲ. ನನ್ನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಮಾತ್ರ ನೇರ ತಿಪಟೂರಿಗೆ ಹೋಗತೊಡಗಿದ್ದವು.

ಎಲೆ ಬಿಟ್ಟು ಎದ್ದೆ. "ಕೀ ಕೊಡಿ. ಇವರೆಲ್ಲರ ಮುಂದೇನೇ ನೋಡಾಣ. ನನ್ ತಪ್ಪು ಸಿಕ್ಕಿದ್ರೆ ಗ್ಯಾರೇಜಿಗೆ ಬೀಗ ಜಡಿದು ಹೊಂಟೋಯ್ತೀನಿ."

"ಪೊಗರು ನೋಡ್ಲಾ ನನ್ಮಗಂದು," ಎಂದಿತು ಹಿಂದಿನ ಪಂಕ್ತಿ.

ಹೆಂಡತಿ ಹೋದ ದಿನದಿಂದ ಹಾಲಸ್ವಾಮಿ ಆ ಕಾರನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ತೀರಿಕೊಂಡಾಕೆಯ ತಮ್ಮ ನಂಜುಂಡಪ್ಪ ಒಳಗೆ ಹೋಗಿ ಕೀ ತಂದರು. "ನೋಡ್ಲಿ ಬುಡಿ ಭಾವ. ನಮ್ಗೂ ಒಂದು ಗೊತ್ತಾಗ್ಲಿ."

ಕೊಬ್ಬರಿಗೆಂದು ಕಾಯಿ ಪೇರಿಸಿದ್ದ ಅಟ್ಟದ ಕೆಳಗೆ ಕಾರು ನಿಂತಿತ್ತು. ಅದರ ಕಡೆ ದಾಪುಗಾಲು ಹಾಕಿದೆ. ಸಿಟ್ಟಿಗೆ ಅಂದುಕೊಂಡರು ಜನ. ಸಿಟ್ಟಿತ್ತು, ನಿಜ. ಆದರೆ ಸ್ಟಾರ್ಟರಿನ ಸಣ್ಣ ವೈರಿನ ನಟ್ಟನ್ನು ಅಂದು ಪೂರ್ತಿ ಬಿಗಿ ಮಾಡಿದ್ದೆನೋ ಇಲ್ಲವೋ ಎಂಬುದು ಎಷ್ಟು ನೆನೆದರೂ ನೆನಪಾಗುತ್ತಿರಲಿಲ್ಲ. ಅದು ಸಡಿಲ ಇದ್ದರೆ ಇವರು ಅಂದದ್ದೆಲ್ಲ ನಿಜ.

ಕೀ ತಿರುಗಿಸಿದೆ. ಸ್ಟೀರಿಂಗಿನ ಹಿಂದಿನ ಕೆಂಪು ದೀಪಗಳು ಹತ್ತಿದವು. ಹಾರ್ನ್ ಒತ್ತಿದರೆ ಕಿರುಚಿತು. ಬ್ಯಾಟರಿಗೆ ಜೀವವಿದೆ. ಇನ್ನೊಂದು ಸುತ್ತು ತಿರುಗಿಸಿದೆ. ಟಕ್ ಎಂಬ ಸದ್ದೂ ಇಲ್ಲ.

"ನೋಡಿದ್ರಾ? ಸ್ಟಾರ್ಟರ್ರೇ," ಎಂದರು ಹಾಲಸ್ವಾಮಿ.

ಅಂಗಾತ ಮಲಗಿ ಕೆಳಗೆ ನುಸುಳಿದೆ. ನಟ್ಟನ್ನು ಬೆರಳಿನಿಂದ ಹಿಡಿದು ತಿರುಚಿದೆ. ಅಲುಗಲಿಲ್ಲ. ವೈರು ಎಳೆದೆ. ಬರಲಿಲ್ಲ. ಮಣ್ಣಿನ ಮೇಲೆ ಮಲಗಿದ್ದವನಿಗೆ ಹಾಗೇ ಅಳಬೇಕೆನಿಸಿತು. ಜೇಬಿನ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟರಿನ ಎರಡು ತುದಿ ನೇರ ಕೂಡಿಸಿದೆ. ಕಿಡಿ ಹಾರಿ, ಕಾರು ಮೈ ಕೊಡವಿ ಗರಗರ ತಿರುಗಿತು. ನಾನು ಕೂರಿಸಿದ ಸ್ಟಾರ್ಟರು ಸರಿಯಾಗಿಯೇ ಇತ್ತು. ಆದರೆ ಎಂಜಿನ್ ಹೊತ್ತಿಕೊಳ್ಳಲಿಲ್ಲ.

ಹೊರಗೆ ಬಂದು ಕೇಳಿದೆ, "ಆವತ್ತು ತಳ್ಳಿ ನೋಡಿದ್ರಾ?"

"ನೋಡ್ದೆ ಇರ್ತೀವೇನಪ್ಪ?" ಎಂದರು ನಂಜುಂಡಪ್ಪ. "ಆ ಮಟ್ಟೆ ರಾಶಿ ಗಂಟ ತಳ್ಳಿದ್ವಿ. ಒಂದ್ಸಲ ಕೆಮ್ಮಲೂ ಇಲ್ಲ."

ಹಾಗಾದರೆ ಸ್ಟಾರ್ಟರಿಗೆ ಹೋಗುವ ವೈರೂ ಕಿಡಿ ಕೊಡುವ ಕಾಯಿಲಿನ ವೈರೂ ಎರಡೂ ಸತ್ತಿವೆ. ಅವೆರಡೂ ಜೊತೆಯಾಗಿ ಹಾಯುವ ಜಾಗ ಒಂದೇ, ಎಂಜಿನ್ನಿನ ಹಿಂದುಗಡೆ. ಬಾನೆಟ್ ಎತ್ತಿ ಬಗ್ಗಿದೆ. ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಕೈ ತೂರಿಸಿದರೆ ನಾರು, ಇಲಿ ಹಿಕ್ಕೆ. ವೈರಿನ ಕಟ್ಟನ್ನು ಎಳೆದು ಬೆಳಕಿಗೆ ತಂದೆ. ಎರಡು ವೈರು ತುಂಡಾಗಿದ್ದವು. ಉಳಿದವುಗಳ ಪ್ಲಾಸ್ಟಿಕ್ಕು ಕೆರೆದು ತಾಮ್ರ ಕಾಣುತ್ತಿತ್ತು. ಎಲ್ಲದರ ಮೇಲೂ ಅಂಟಂಟು ಜಿಡ್ಡು. ಗ್ರೀಸ್ ಅಲ್ಲ. ಬೆರಳು ಮೂಸಿದೆ. ಕೊಬ್ಬರಿ ಎಣ್ಣೆ.

ಅಟ್ಟದ ತುಂಬ ಕಾಯಿ ಇರುವಾಗ ಬರೀ ವೈರು ಕಡಿಯಲು ಇಲಿ ಕೆಳಗಿಳಿಯುವುದಿಲ್ಲ. ಈ ಎಣ್ಣೆಯೇ ಕರೆದಿದೆ. ಯಾವ ಬೇಕೂಫ ಸವರಿದ್ದು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹಾಲಸ್ವಾಮಿಯೇ ಜನರ ಕಡೆ ತಿರುಗಿ ಶುರುಮಾಡಿದರು.

"ಇವನದ್ದೊಂದು ನಿಗಾ, ನಂದೊಂದು ನಿಗಾ. ಆಯುಧಪೂಜೆ ದಿನ ಗುದ್ಲಿ, ಕುಡ್ಲು, ಕಾಯಿ ಸುಲಿಯೋ ಸಲಾಕೆ, ಎಲ್ಲಕ್ಕೂ ಎಣ್ಣೆ ಸವರಿ, ಆಮೇಲೆ ಈ ಬಾನೆಟ್ ಎತ್ತಿ ಒಂದೊಂದ್ ವೈರಿಗೂ ನಮ್ಮನೆ ಗಾಣದೆಣ್ಣೆ ಹಚ್ಚಿದೀನಿ ಕಣ್ರೀ, ತುಕ್ಕು ಹಿಡೀಬಾರ್ದು ಅಂತ. ಹಸು ಮೈ ತಿಕ್ದಂಗೆ ತಿಕ್ಕಿದೀನಿ. ಅದ್ರಲ್ಲಿ ಕಾಲುಭಾಗ ನೀನು ನಿಗಾ ಮಾಡಿದ್ರೆ ಅವ್ಳು ಇವತ್ತು ಇರೋಳು ಕಣ್ಲಾ."

ಪಕ್ಕದಲ್ಲೇ ನಿಂತಿದ್ದ ನಂಜುಂಡಪ್ಪ ನನ್ನ ಕೈಲಿದ್ದ ವೈರು ನೋಡಿದರು. ಆಮೇಲೆ ತಲೆಯೆತ್ತಿ ಅಟ್ಟ ನೋಡಿದರು. ಭಾವನ ಮುಖ ನೋಡಲಿಲ್ಲ, ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡರು.

ಕೊಂದೋನು ನಾನಲ್ಲ, ನೀನು. ಅಷ್ಟೇ ಹೇಳಬೇಕಿತ್ತು. ಇಡೀ ಪೆಂಡಾಲಿಗೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಕೂಗಿದ ಮೇಲೆ ಆ ಮುಖ ಹೇಗಾಗುತ್ತದೆಂದು ನೋಡುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ವೈರಿನ ತುಂಡನ್ನು ಹಾಲಸ್ವಾಮಿಯ ಅಂಗೈಗೆ ಇಟ್ಟೆ. "ನೋಡಿ."

ಅವರು ಹೆಬ್ಬೆರಳಿನಿಂದ ತುದಿ ಸವರಿದರು. ಹಲ್ಲಿನ ಗುರುತು ಸಿಕ್ಕಿರಬೇಕು, ಬೆರಳು ಅಲ್ಲೇ ನಿಂತಿತು. ಜಿಡ್ಡನ್ನು ಮೂಗಿಗೆ ಹಿಡಿದರು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಇದ್ದ ಮನುಷ್ಯ. ಎರಡನೇ ಸಲ ಮೂಸಬೇಕಿರಲಿಲ್ಲ, ಆದರೂ ಮೂಸಿದರು.

"ಇದು ಸ್ಟಾರ್ಟರ್ ಹತ್ರದ್ದು ಅಲ್ವಾ?" ದನಿ ಇಳಿದಿತ್ತು. "ನೀನು ಬಿಚ್ಚಿದ್ಯಲ್ಲ, ಆ ಜಾಗದ್ದೇ ತಾನೇ?"

ಉಳಿದ ವೈರನ್ನು ಒಳಕ್ಕೆ ತಳ್ಳಿ ಬಾನೆಟ್ ಇಳಿಸಿದೆ.

"ನಿಂದೇ ತಪ್ಪು ಅನ್ನಪ್ಪ ಈರೇಶ." ನನ್ನ ತೋಳು ಹಿಡಿದುಕೊಂಡರು. ಜಿಡ್ಡು ಮೆತ್ತಿದ ಬೆರಳು. "ನಿಂದೇ ಅಂತ ಒಂದ್ ಮಾತು ಅಂದ್ಬುಡು."

ಪೆಂಡಾಲಿನವರಿಗೆ ಅವರ ಬೆನ್ನು ಕಾಣುತ್ತಿತ್ತು, ನನ್ನ ಮುಖ ಕಾಣುತ್ತಿತ್ತು. "ಈಗ್ಯಾಕೆ ಮಾತೇ ಬರ್ತಿಲ್ಲ ನೋಡು," ಎಂದಿತು ಒಂದು ದನಿ. ಯಾರೋ ನಕ್ಕರು.

ತೋಳು ಬಿಡಿಸಿಕೊಂಡೆ. ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಬಾಯಿಗೆ ಬಂದ ಮಾತನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಪಂಕ್ತಿಗಳ ನಡುವೆಯೇ ಹಾದು ಗೇಟಿನ ಕಡೆ ನಡೆದೆ.

"ಏನಾಗಿತ್ತು ಹೇಳಿ ಹೋಗ್ಲಾ," ಎಂದು ಪಂಕ್ತಿಯವರು ಹಿಂದಿನಿಂದ ಕೂಗಿದರು.

ನಾನು ರಸ್ತೆಗಿಳಿದೆ.