ಎರಡು ಸೆಕೆಂಡ್ ಮುಂದಿದ್ದ ಪ್ರಪಂಚ

ತಿಪ್ಪೇಸ್ವಾಮಿಯವರು ಹಜಾರದ ಲೋಲಕದ ಗಡಿಯಾರದ ಎದುರು ಕೈಕಟ್ಟಿ ನಿಂತು "ಗಂಗಾ!" ಎಂದು ಕೂಗುವುದು, ಒಳಗಿನಿಂದ "ಓ, ಬಂದೆ" ಎಂಬ ದನಿ ಬರುವುದು. ಆ ಮನೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಇದೇ.

ಅವರು ಊರಿಗೆಲ್ಲ ಬೇಕಾದ ಗಡಿಯಾರ ರಿಪೇರಿಯವರು; ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ವಯಸ್ಸಾದ ಮೇಲೆ, ಹವ್ಯಾಸಿಗಳು ದೂರದೂರದವರನ್ನು ಕರೆದು ಮಾತಾಡಿಸುವ ಹ್ಯಾಮ್ ರೇಡಿಯೋ ಹುಚ್ಚು ಹಿಡಿಸಿಕೊಂಡು, ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದರು. ರೇಡಿಯೋಗೆ ಜೋಡಿಸಲೆಂದು ಅಂಗೈಯಗಲದ ಕಂಪ್ಯೂಟರೊಂದಕ್ಕೆ ನಾನು ಲಿನಕ್ಸ್ ಎಂಬ ಮೂಲ ತಂತ್ರಾಂಶ ಹಾಕಿಕೊಟ್ಟೆ. ಬೇಡದ್ದನ್ನೆಲ್ಲ ಕಿತ್ತುಹಾಕಿದ ಲಿನಕ್ಸ್: ಚಿತ್ರವಿಲ್ಲ, ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಅಷ್ಟೇ.

"ಮುಚ್ಚಳ ತೆಗೆದಿಟ್ಟ ಗಡಿಯಾರದ ಹಾಗಿದೆ ಕಣಮ್ಮ," ಎಂದು ಅವರು ಹಿಗ್ಗಿದರು.

ತಮಾಷೆಯೆಂದರೆ, ಗಡಿಯಾರದವರ ಮನೆಗೆ ಬಂದ ಆ ಕಂಪ್ಯೂಟರಿನೊಳಗೆ ಗಡಿಯಾರವೇ ಇರಲಿಲ್ಲ. ಮನೆಯಲ್ಲಿ ಇಂಟರ್ನೆಟ್ಟೂ ಇಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಸಮಯವನ್ನು ನಾವೇ ತುಂಬಬೇಕು. ರೇಡಿಯೋ ತಂತ್ರಾಂಶವೋ ಸಮಯದ ವಿಷಯದಲ್ಲಿ ಮಹಾ ಕಟ್ಟುನಿಟ್ಟು: ಅದು ಅಕ್ಷರವಾಗಿ ಕಳಿಸುವ ಕರೆ ಗೊತ್ತಾದ ಕ್ಷಣಕ್ಕೆ ಹೊರಡದಿದ್ದರೆ ಯಾರ ಪರದೆಯಲ್ಲೂ ಮೂಡುವುದಿಲ್ಲ. ಹಾಗಾಗಿ ಮುಂದಿನ ನಿಮಿಷದ ಸಮಯವನ್ನು ನಾನು ಮೊದಲೇ ಟೈಪ್ ಮಾಡಿಡುತ್ತಿದ್ದೆ. ಅವರ ಹೆಂಡತಿ ಗಂಗಮ್ಮ ಅಡುಗೆಮನೆಯಿಂದ ಬಂದು ಹಿಂದಿನ ಕೋಣೆಯಲ್ಲಿ ಕೀಲಿಮಣೆಯ ಮುಂದೆ ಕೂರುತ್ತಿದ್ದರು. ಸೆಕೆಂಡ್ ಮುಳ್ಳು ನೆತ್ತಿಗೆ ಬಂದ ಕೂಡಲೇ ತಿಪ್ಪೇಸ್ವಾಮಿಯವರು ಹಜಾರದಿಂದ ಕೂಗುತ್ತಿದ್ದರು, ಗಂಗಮ್ಮ ಎಂಟರ್ ಒತ್ತುತ್ತಿದ್ದರು.

"ಕೈಗಡಿಯಾರ ಹಿಡಿದು ನೀವೇ ಒತ್ತಬಾರದೇ?" ಎಂದು ಕೇಳಿದ್ದೆ.

"ಈ ಮನೇಲಿರೋ ಕೈಗಡಿಯಾರಗಳೆಲ್ಲ ರಿಪೇರಿಗೆ ಬಂದಿರೋವು. ಅವನ್ನ ಯಾರಾದ್ರೂ ನಂಬ್ತಾರಾ? ಅದೂ ಅಲ್ದೆ ಗಂಗನ ಕೈಗುಣ ಒಳ್ಳೇದು. ಅಂಗಡಿ ಬಾಗಿಲು ತೆಗೆಯೋದೂ ಅವಳೇ."

ತಿಂಗಳುಗಟ್ಟಲೆ ಕರೆದರೂ ಒಬ್ಬರೂ ಉತ್ತರಿಸಲಿಲ್ಲ. ದೂರದೇಶದವರ ಜೋರು ಕರೆಗಳು ಮಾತ್ರ ನಮ್ಮ ಪರದೆಯಲ್ಲಿ ಮೂಡುತ್ತಿದ್ದವು. ಪ್ರತಿ ಕರೆಯ ಪಕ್ಕದ ಅಂಕಿ, ಅವರೆಲ್ಲರೂ ಎರಡು ಸೆಕೆಂಡ್ ಮುಂದಿದ್ದಾರೆ ಎನ್ನುತ್ತಿತ್ತು.

"ನಾವೇ ಹಿಂದಿರಬಹುದು," ಎಂದೆ.

ಅವರು ಹುಬ್ಬು ಗಂಟಿಕ್ಕಿದರು. "ನನ್ನ ಗಡಿಯಾರಾನಾ? ಆಕಾಶವಾಣೀಲಿ ವಾರ್ತೆಗೆ ಮುಂಚೆ ಪೀಪ್ ಅನ್ನುತ್ತಲ್ಲ, ಅದಕ್ಕೆ ತಾಳೆ ಹಾಕಿ ನೋಡು ಬಾ." ನೋಡಿದೆ; ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಪ್ರಪಂಚಾನೇ ಮುಂದೆ ಓಡ್ತಿದೆ. ನಾನೇನು ಮಾಡ್ಲಿ?"

ಆದರೆ ಆ ಸಂಜೆ ಅವರ ದನಿ ಕುಗ್ಗಿತ್ತು. "ಈ ಭಾನುವಾರದವರೆಗೆ ನೋಡ್ತೀನಿ. ಆಮೇಲೆ ತಾರಸಿ ಮೇಲಿನ ಏರಿಯಲ್ ತಂತೀನ ಬಟ್ಟೆ ಒಣಗಿಸೋಕೆ ಬಿಟ್ಟುಕೊಡ್ತೀನಿ." ನನಗೆ ತುಂಬ ಸಂಕಟವಾಯಿತು.

ಶನಿವಾರ ಗಂಗಮ್ಮ ತಂಗಿಯ ಮನೆಗೆ ಹೋಗಿದ್ದಾಗ ಕರೆಂಟು ಹೋಗಿ ಬಂತು. ಬೇರೆ ದಾರಿಯಿಲ್ಲದೆ ನನ್ನನ್ನೇ ಕೂರಿಸಿದರು. ಅವರು ಕೂಗಿದ್ದೇ ತಡ, ಒತ್ತಿದೆ. ಪ್ರಪಂಚದ ಎರಡು ಸೆಕೆಂಡ್ ಮಾಯ! ಅಂಕಿಗಳೆಲ್ಲ ಸೊನ್ನೆ. ಅವರು ಕರೆ ಕಳಿಸಿದರು; ಯಾವುದೋ ದ್ವೀಪದ ಹ್ಯಾಮ್ ಒಬ್ಬ ಅವರನ್ನೇ ಹೆಸರಿಸಿ ಉತ್ತರ ಕೊಟ್ಟ. ಆ ಗಂಭೀರ ಮನುಷ್ಯ ಪಂಚೆ ಎತ್ತಿಕಟ್ಟಿ ಕುಣಿದೇಬಿಟ್ಟರು.

ಕುಣಿತ ತಟ್ಟನೆ ನಿಂತಿತು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಗಂಡ ಕರೆದರೆ ಗಂಗಮ್ಮ ಕೂತಲ್ಲೇ ಕೂತು ಮೊದಲು "ಓ, ಬಂದೆ" ಎನ್ನುತ್ತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು, ಆಮೇಲೆ ಒತ್ತುತ್ತಿದ್ದರು. ಕೇಳಿ ಕೇಳಿ ಅಭ್ಯಾಸವಾಗಿ ನಮಗದು ಕೇಳಿಸುವುದೇ ನಿಂತುಹೋಗಿತ್ತು.

"ಅವರಿಗೆ ಹೇಳ್ತೀರಾ?"

"ಏನಂತ ಹೇಳ್ಲಮ್ಮ? ಇಷ್ಟು ವರ್ಷ ಕರೆದಾಗಲೆಲ್ಲ ಓಗೊಟ್ಟವಳು ಅವಳೊಬ್ಬಳು. ಇನ್ನು ಓ ಅನ್ನಬೇಡ ಅನ್ಲಾ?"

ಭಾನುವಾರ ಗಂಗಮ್ಮ ವಾಪಸಾದರು, ಕರೆಂಟೂ ಎಂದಿನಂತೆ ಹೋಗಿ ಬಂತು. ಸಮಯ ಟೈಪ್ ಮಾಡಿಟ್ಟು ನಾನು ಬಾಗಿಲಲ್ಲಿ ನಿಂತೆ. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು. ತಿಪ್ಪೇಸ್ವಾಮಿಯವರು ಏನು ಮಾಡುತ್ತಾರೋ ಎಂದು ಸೆಕೆಂಡ್ ಮುಳ್ಳನ್ನೇ ನೋಡುತ್ತಿದ್ದೆ.

"ಗಂಗಾ!"

ಮುಳ್ಳು ನೆತ್ತಿಗೆ ಬರಲು ಇನ್ನೂ ಎರಡು ಗೆರೆ ಬಾಕಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ತಪ್ಪು ಸಮಯ ಕೂಗಿದ್ದರು.

"ಓ, ಬಂದೆ," ಎಂದು ಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಎಂಟರ್ ಒತ್ತಿದರು. ಹಜಾರದಲ್ಲಿ ಮುಳ್ಳು ನೆತ್ತಿ ಮುಟ್ಟಿತು.