ಹಳದಿ ಟೇಪು ಸರಿಸಿದ್ದಳೇ?

2019ರ ಮಾರ್ಚ್ 14, ಬೆಳಗ್ಗೆ 10 ಗಂಟೆ 42 ನಿಮಿಷ, ಕೆಂಪು ಬಾವುಟ ಮತ್ತೆ ಮೇಲೆದ್ದಿತು, ಉದ್ದ ಜಿಗಿತದ ಹಲಗೆಯ ಅಂಚಿಗೆ ಮೆತ್ತಿದ ಮೇಣದ ಪಟ್ಟಿಯಲ್ಲಿ ಅವಳ ಷೂ ತುದಿಯ ಗುರುತು, ಅರ್ಧ ಚಂದ್ರನ ಹಾಗೆ — ಎರಡನೆಯದೂ ಫೌಲ್, ಉಳಿದದ್ದು ಒಂದೇ, ಐದು ಮೀಟರ್ ಎಂಬತ್ತು ದಾಟಿದರೆ ತಂಡ, ಇಲ್ಲದಿದ್ದರೆ ಮನೆ, ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಆರು ಮೀಟರ್ ಹಾರುತ್ತಿದ್ದವಳು ತಾನೇ ಅಲ್ಲವೇ, ಅಥವಾ ಅವಳು ಬೇರೆ ಯಾರೋ, ಬೇಲಿಯಾಚೆಯಿಂದ ಕೋಚ್ ಕೂಗುತ್ತಿದ್ದಾರೆ, ಏ ಹುಡುಗಿ, ಗುರುತು ಒಂದು ಪಾದ ಹಿಂದಕ್ಕೆ ತಗೋ, ಒಂದೇ ಒಂದು, ಕೇಳಿಸ್ತಾ, ಕೇಳಿಸ್ತು ಸರ್, ಓಟ ಶುರುವಾಗುವ ಜಾಗದಲ್ಲಿ ತಾನೇ ಅಂಟಿಸಿದ್ದ ಹಳದಿ ಟೇಪಿನ ಕಡೆ ನಡೆದಳು, ಕಾಲು ತನ್ನವಲ್ಲ, ಎರವಲು ತಂದವು, ಹನ್ನೊಂದು ದಿನದಿಂದ ಮೂರೇ ಗಂಟೆ ನಿದ್ದೆ, ಕೋಚ್ ಕೊಟ್ಟ ಪುಸ್ತಕದಲ್ಲಿ ಮಾತ್ರ ದಿನಾ ದುಂಡಗೆ ಎಂಟು ಗಂಟೆ ಎಂದು ಬರೆದಳು, ನಿಜ ಬರೆದರೆ ಎಲ್ಲಿ ಕೈಬಿಡುತ್ತಾರೋ ಎಂದು, ಎಂಟನ್ನು ನೋಡಿ ಅವರು ಅಭ್ಯಾಸ ಹೆಚ್ಚಿಸಿದರು, ಭಲೇ, ಒಳ್ಳೇ ಕುದುರೆ ಹಾಗಿದ್ದೀಯ, ಕುದುರೆಗೂ ಎದೆ ಹೀಗೆ ಹೊಡೆದುಕೊಳ್ಳುತ್ತದೆಯೇ, ಬೆಳಗ್ಗೆ ಬಾಗಿಲಲ್ಲಿ ಅಕ್ಕ, ಯಾಕೇ ಮುಖ ಹಿಂಡಿದ ಬಟ್ಟೆ ಥರ ಇದೆ, ಹಾರೋಕೆ ಹೊರಟಿದ್ದೀಯೋ ಹಲ್ಲು ಕೀಳಿಸೋಕೋ, ಅಕ್ಕನಿಗಾದರೂ ಹೇಳಬಹುದಿತ್ತು, ನಕ್ಕು ಚೀಲ ಹೆಗಲಿಗೇರಿಸಿ ಬಂದಳು, ಈಗ ಬಗ್ಗಿ ಟೇಪು ಕಿತ್ತಳು, ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಒಂದು ಪಾದ ಅಳೆದಳು, ಅಂಟಿಸಿದಳು — ಅಂಟಿಸಿದ್ದು ಈಗಲೋ, ಮೊದಲ ಫೌಲ್ ಆದಾಗಲೋ, ಕೈಗೆ ನೆನಪಿಲ್ಲ, ತಲೆಗೂ ಇಲ್ಲ, ಟೇಪಿನ ಅಂಟಿನಲ್ಲಿ ಧೂಳಿದೆ, ಧೂಳು ಯಾವ ಹೊತ್ತಿನದು, ಸರ್, ಸರಿಸಿದ್ನಾ ನಾನು, ಕೇಳಬೇಕು, ಕೇಳಿದರೆ ತಲೆ ಎಲ್ಲಿಟ್ಟಿದ್ದೀಯ ಎನ್ನುತ್ತಾರೆ, ಸರಿಯಾಗಿ ನಿದ್ದೆ ಮಾಡಿದ್ದೀಯಾ ಎನ್ನುತ್ತಾರೆ, ಬೇಡ, ಇನ್ನೊಂದು ಪಾದ ಇರಲಿ, ಹೆಚ್ಚಾದರೆ ಏನೀಗ, ಮೇಣ ಮುಟ್ಟದಿದ್ದರೆ ಸಾಕು, ಮುಟ್ಟದಿದ್ದರೆ ಸಾಕು.

ಓಡುತ್ತಿದ್ದಾಳೆ, ಹತ್ತು ಹೆಜ್ಜೆ, ಹನ್ನೆರಡು, ಅರ್ಧ ಚಂದ್ರ ಕಣ್ಣ ಮುಂದೆ, ಹದಿನಾರಕ್ಕೆ ಹಲಗೆ ಸಿಗಬೇಕು, ಸಿಗಲಿಲ್ಲ, ಹಲಗೆ ಇನ್ನೂ ಮುಂದೆ ಇದೆ, ಕಾಲು ಮಾತ್ರ ನೆಲ ಬಿಟ್ಟಾಗಿದೆ — ಮರಳು, ಹಲ್ಲಿನ ನಡುವೆ ಮರಳು, ಬಿಳಿ ಬಾವುಟ, ಬೇಲಿಯಾಚೆ ಕೋಚ್ ತಲೆ ಹಿಡಿದುಕೊಂಡಿದ್ದಾರೆ, ಒಂದು ಪಾದ ಅಂದ್ನಲ್ಲೇ, ಎಲ್ಲಿಂದ ಹಾರಿದೆ ಮಾರಾಯ್ತಿ, ಅವಳು ಹಲಗೆಯ ಕಡೆ ತಿರುಗಿದಳು, ಹೊಸದಾಗಿ ತೀಡಿದ ಮೇಣದ ಪಟ್ಟಿ, ನುಣ್ಣಗೆ, ಒಂದು ಗೀರೂ ಇಲ್ಲ, ಮೇಣದ ಪಟ್ಟಿ, ನುಣ್ಣಗೆ, ಮೇಣದ ಪಟ್ಟಿ. ಅಳತೆಗಾರ ಹಲಗೆಯ ಅಂಚಿನಿಂದ ಅಳೆದು ಗಟ್ಟಿಯಾಗಿ ಓದಿದ: ಐದು ಮೀಟರ್ ಐವತ್ತೇಳು ಸೆಂಟಿಮೀಟರ್.